ಬ್ರೇಸ್ ಸಿಕ್ಕಿತು, ಶೂ ಸಿಗಲಿಲ್ಲ

ಪೆರ್ನಾಳಿಗೆ ಇನ್ನು ನಾಲ್ಕು ದಿನ ಬಾಕಿ. ಹಂಪನಕಟ್ಟೆಯಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ. ನಾವು ಗಂಡ ಹೆಂಡತಿ ಮತ್ತು ಎಂಟು ವರ್ಷದ ಮಗ, ಅಂದಿನ ಮೂರನೇ ಚಪ್ಪಲಿ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆವು. ಮಗನ ಎರಡೂ ಕಾಲಿಗೆ ಮೊಣಕಾಲಿನ ಕೆಳಗಿನಿಂದ ಬೆರಳಿನ ತುದಿಯವರೆಗೆ ಬಿಳಿ ಪ್ಲಾಸ್ಟಿಕ್ಕಿನ ಬ್ರೇಸ್. ಅಂಗಡಿಯ ಹುಡುಗ ಒಳ್ಳೆಯವನೇ. ಬೇಸರಿಸದೆ ಒಂದೊಂದಾಗಿ ಏಳು ಡಬ್ಬಿ ಇಳಿಸಿದ. ಒಂದರಲ್ಲಿ ಬೆರಳು ಹೋಗ್ತದೆ, ಹಿಮ್ಮಡಿ ಹೋಗುವುದಿಲ್ಲ. ಇನ್ನೊಂದರಲ್ಲಿ ಹಿಮ್ಮಡಿಯೂ ಹೋಯಿತು, ಮೇಲಿನ ಪಟ್ಟಿ ಮುಚ್ಚುವುದಿಲ್ಲ. ಕೊನೆಗೆ ಅವನು ಬೆವರು ಒರೆಸಿಕೊಂಡು ಹೇಳಿದ: "ಸರ್, ಇದನ್ನೊಮ್ಮೆ ತೆಗೀರಿ. ಮತ್ತೆ ಅಳತೆ ನೋಡುವ."

ತೆಗೆದರೆ ಎಲ್ಲ ಶೂವೂ ಆಗ್ತದೆ. ಕಷ್ಟ ಇರುವುದೇ ಅಲ್ಲಿ.

ಅಷ್ಟರಲ್ಲಿ ಮಗನೇ ತೀರ್ಮಾನ ಮಾಡಿಬಿಟ್ಟ. "ಉಮ್ಮಾ, ಪೆರ್ನಾಳಿಗೆ ನನಗೆ ಚಪ್ಪಲೇ ಸಾಕು" ಅಂದ. ಅವನಿಗೆ ಬೇಕಾಗಿದ್ದದ್ದು ಅಣ್ಣನದ್ದರ ಹಾಗೆ ನೀಲಿ ಪಟ್ಟಿಯ ಶೂ ಎಂಬುದು ನಮಗೆ ಗೊತ್ತಿತ್ತು. ಆ ಪೆರ್ನಾಳಿಗೆ ಅವನು ಹೊಸ ಬಟ್ಟೆ, ಹೊಸ ಟೋಪಿ, ರಬ್ಬರ್ ಚಪ್ಪಲಿ ಹಾಕಿಕೊಂಡು, ಬ್ರೇಸ್ ಇಲ್ಲದೆ, ತುದಿಗಾಲಿನಲ್ಲಿ ಉಪ್ಪನ ಕೈ ಹಿಡಿದು ಹೋದ. ಮಸೀದಿಯ ಎರಡನೇ ಮೆಟ್ಟಿಲಿನಲ್ಲಿ ಬಿದ್ದ. ಗಲ್ಲ ಸ್ವಲ್ಪ ತರಚಿತು, ಅಷ್ಟೇ. ಆದರೆ ಬ್ರೇಸ್ ಮನೆಯ ಕಪಾಟಿನ ಮೇಲೆ ಹತ್ತಿ ಕೂತದ್ದು ಆ ದಿನದಿಂದ. ಇಳಿಯಲಿಕ್ಕೆ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳಲ್ಲಿ ಅವನ ಮೀನಖಂಡ ಎಷ್ಟು ಬಿಗಿಯಿತೆಂದರೆ, ಹಳೆಯ ಬ್ರೇಸಿನೊಳಗೆ ಹಿಮ್ಮಡಿ ಕೆಳಗೆ ಕೂರಲೇ ಇಲ್ಲ. ಮತ್ತೆ ವ್ಯಾಯಾಮ, ಮತ್ತೆ ಪ್ಲಾಸ್ಟರ್ ಅಚ್ಚು, ಮತ್ತೆ ಹೊಸ ಬ್ರೇಸ್. ಎಲ್ಲ ಮೊದಲಿನಿಂದ.

ಇದನ್ನು ಬರೆಯುತ್ತಿರುವುದು ಮಗನ ಕಥೆ ಹೇಳಲಿಕ್ಕೆ ಅಲ್ಲ. ನಮ್ಮ ಮೊಹಲ್ಲಾದಲ್ಲಿ ಮಾತಾಡಿ ನೋಡಿದರೆ, ಕಪಾಟಿನ ಮೇಲೆ ಹೀಗೆ ಬ್ರೇಸ್ ಕೂತಿರುವ ಮನೆ ನಮ್ಮದೊಂದೇ ಅಲ್ಲ. ಒಂದು ಮನೆಯಲ್ಲಿ ಸ್ಟ್ರೋಕ್ ಆದ ಅಜ್ಜನದ್ದು. ಇನ್ನೊಂದರಲ್ಲಿ ಬೈಕ್ ಅಪಘಾತದಲ್ಲಿ ಕಾಲಿನ ನರಕ್ಕೆ ಪೆಟ್ಟಾದ ಯುವಕನದ್ದು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಅದಕ್ಕೆ ಶೂ ಆಗುವುದಿಲ್ಲ ಮಾರಾಯ್ರೆ."

ಶೂ ಇಲ್ಲದಿದ್ದರೆ ಬ್ರೇಸ್ ಅರ್ಧ ಮಾತ್ರ

ಈ ಬ್ರೇಸಿಗೆ ಆಸ್ಪತ್ರೆಯವರು ಎ.ಎಫ್.ಓ. ಅನ್ನುತ್ತಾರೆ. ಹರಡು ಮತ್ತು ಪಾದವನ್ನು ಒಂದು ಕೋನದಲ್ಲಿ ಹಿಡಿದಿಡುವ ಸಾಧನ. ಕಾಲಿನ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಬಿಸಿ ಮಾಡಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಕೂರಿಸಿ ಮಾಡುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೀನಖಂಡ ಬಿಗಿದು ತುದಿಗಾಲಿನಲ್ಲಿ ನಡೆಯುವುದನ್ನು ಇದು ತಡೆಯುತ್ತದೆ. ಸ್ಟ್ರೋಕ್ ಆದವರಲ್ಲಿ ಅಥವಾ ನರಕ್ಕೆ ಪೆಟ್ಟು ಬಿದ್ದವರಲ್ಲಿ ಪಾದ ಮೇಲೆತ್ತಲಿಕ್ಕೆ ಆಗದೆ ಜೋಲುತ್ತದೆ, ಬೆರಳು ನೆಲಕ್ಕೆ ಎಡವುತ್ತದೆ. ಅವರಿಗೆ ಇದು ಪಾದವನ್ನು ಎತ್ತಿ ಹಿಡಿಯುತ್ತದೆ.

ನಾವು ಬ್ರೇಸ್ ಮಾಡಿಸಿದ ಆಸ್ಪತ್ರೆಯಲ್ಲಿ ಅಚ್ಚು ತೆಗೆದರು, ಬ್ರೇಸ್ ಕೊಟ್ಟರು, ಬಿಲ್ಲು ಕೊಟ್ಟರು. ಶೂವಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ಎರಡನೇ ಬಾರಿ ಬೇರೆ ಕಡೆ ಮಾಡಿಸಿದಾಗ ಮಾತ್ರ, ಬ್ರೇಸ್ ಮಾಡುವ ಆರ್ಥೋಟಿಸ್ಟ್ ಕೂರಿಸಿ ವಿವರಿಸಿದರು. ಪ್ಲಾಸ್ಟಿಕ್ ಒಂದೇ ಕೆಲಸ ಮಾಡುವುದಿಲ್ಲವಂತೆ. ಶೂ ಅದನ್ನು ಪಾದಕ್ಕೆ ಒತ್ತಿ ಹಿಡಿಯಬೇಕು, ಹಿಮ್ಮಡಿ ಮೇಲೇಳದ ಹಾಗೆ ನೋಡಬೇಕು, ನೆಲದ ಮೇಲೆ ಜಾರದ ಹಾಗೆ ಕಾಯಬೇಕು. ಬರಿ ಬ್ರೇಸಿನಲ್ಲಿ ಟೈಲ್ಸ್ ಮೇಲೆ ನಡೆದರೆ ಸಾಬೂನಿನ ಮೇಲೆ ನಡೆದ ಹಾಗೆ. ಹಾಗಾದರೆ ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ?

ನಮ್ಮ ಊಹೆ ಒಂದುಂಟು. ಹಿಂದೆ ಪೋಲಿಯೊ ಆದವರು ಹಾಕುತ್ತಿದ್ದ ಕಬ್ಬಿಣದ ಕ್ಯಾಲಿಪರ್ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಎರಡು ಬದಿಯಲ್ಲಿ ಸರಳು, ಕೆಳಗೆ ಚರ್ಮದ ದಪ್ಪ ಬೂಟು. ಆ ಸರಳು ಬೂಟಿನ ಅಟ್ಟೆಗೇ ಜೋಡಿಸಿದ್ದು. ಅಂದರೆ ಬೂಟು ಬ್ರೇಸಿನದೇ ಒಂದು ಭಾಗ, ಕ್ಯಾಲಿಪರಿನ ಜೊತೆಯಲ್ಲೇ ಬರುತ್ತಿತ್ತು. ಭಾರ ಹೆಚ್ಚು, ನೋಡಲಿಕ್ಕೂ ಚಂದವಿಲ್ಲ, ಆದರೆ ಮನೆಯವರು ಶೂ ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ. ಪ್ಲಾಸ್ಟಿಕ್ ಬಂತು, ಬ್ರೇಸ್ ಹಗುರವಾಯಿತು, ಬೇಕಾದ ಶೂವಿನೊಳಗೆ ಹಾಕಬಹುದು ಅಂದರು. ಆ 'ಬೇಕಾದ ಶೂ' ಹುಡುಕುವ ಕೆಲಸ ಮಾತ್ರ ಸದ್ದಿಲ್ಲದೆ ಮನೆಯವರ ತಲೆಗೆ ಬಿತ್ತು.

ನಂಬರ್ ಹೆಚ್ಚಿಸಿದರೆ ಆಗುವುದಿಲ್ಲ

ನಾವು ಮಾಡಿದ ಮೊದಲ ತಪ್ಪು ಇದು. ಬ್ರೇಸ್ ಹೋಗುವುದಿಲ್ಲವಾ, ಎರಡು ನಂಬರ್ ದೊಡ್ಡದು ಕೊಡಿ. ಅದೂ ಹೋಗುವುದಿಲ್ಲವಾ, ಮೂರು. ಕೊನೆಗೆ ಒಳಗೆ ಹೋಯಿತು, ಆದರೆ ಮಗನಿಗೆ ಮುಂದೆ ಎರಡು ಬೆರಳಿನಷ್ಟು ಖಾಲಿ. ದೋಣಿಯ ಮೂತಿ ಇದ್ದ ಹಾಗೆ. ಹೆಜ್ಜೆಗೊಂದು ಎಡವು.

ಇದರ ಲೆಕ್ಕ ಸರಳ. ನಮ್ಮ ಅಂಗಡಿಗಳಲ್ಲಿ ನಡೆಯುವ ನಂಬರ್ ಬ್ರಿಟಿಷ್ ಲೆಕ್ಕದ್ದು. ಅದರಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್ ಉದ್ದ. ಅಗಲ ಅಷ್ಟು ಹೆಚ್ಚುವುದಿಲ್ಲ. ಬ್ರೇಸಿಗೆ ಬೇಕಾದದ್ದು ಅಗಲ ಮತ್ತು ಒಳಗಿನ ಎತ್ತರ. ಪ್ಲಾಸ್ಟಿಕ್ ಮಕ್ಕಳದ್ದಾದರೆ ಸಾಧಾರಣ 3 ಮಿಲಿಮೀಟರ್, ದೊಡ್ಡವರದ್ದಾದರೆ 4-5 ಮಿಲಿಮೀಟರ್ ದಪ್ಪ ಇರ್ತದೆ. ಅದು ಪಾದದ ಎರಡು ಬದಿಯಲ್ಲೂ ಉಂಟು, ಅಡಿಯಲ್ಲೂ ಉಂಟು. ಮೇಲಿಂದ ಕಾಲುಚೀಲ, ಪಟ್ಟಿ. ಹಾಗಾಗಿ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ನಂಬರ್ ದೊಡ್ಡದು ಸಾಕು, ಆದರೆ ಅಗಲದ್ದೇ ಆಗಬೇಕು.

ಅಗಲದ ಶೂ ಕೇಳಿದರೆ ನಮ್ಮ ಅಂಗಡಿಗಳಲ್ಲಿ ಮುಖ ಮುಖ ನೋಡುತ್ತಾರೆ. ಬ್ರೇಸ್ ಇಲ್ಲದವರಿಗೂ ಇದು ಕಷ್ಟವೇ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿದಾಗ, ಭಾರತೀಯರ ಪಾದ ಹೊರದೇಶದವರದ್ದಕ್ಕಿಂತ ಅಗಲ ಎಂದು ತಿಳಿಯಿತು. ನಮಗೇ ಆದ 'ಭಾ' ಎಂಬ ಅಳತೆ ತರಬೇಕೆಂಬ ಮಾತು ಬಂದದ್ದು ಆ ಸಮೀಕ್ಷೆಯಿಂದ. ಬರಿಗಾಲಿಗೇ ಶೂ ಇಕ್ಕಟ್ಟಾಗುವ ಊರಿನಲ್ಲಿ ಬ್ರೇಸಿನ ಕಾಲಿಗೆ ಎಲ್ಲಿಂದ ಸಿಗಬೇಕು?

ಹಾಗಂತ ಸಿಗುವುದೇ ಇಲ್ಲ ಅಂತಲ್ಲ. ನೋಡುವ ಕ್ರಮ ಗೊತ್ತಿರಬೇಕು. ಅಂಗಡಿಗೆ ಹೋಗುವಾಗ ಬ್ರೇಸ್ ಹಾಕಿಕೊಂಡೇ ಹೋಗಿ. ರೋಗಿ ಬರಲಿಕ್ಕೆ ಆಗದಿದ್ದರೆ ಬ್ರೇಸ್ ಒಂದನ್ನೇ ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ, ಮೇಜಿನ ಮೇಲಿಟ್ಟು ಶೂ ತರಿಸಿ. ಮೊದಲು ನೋಡಬೇಕಾದದ್ದು ಶೂವಿನ ಬಾಯಿ. ಲೇಸ್ ಅಥವಾ ಪಟ್ಟಿ ಬೆರಳಿನ ಹತ್ತಿರದವರೆಗೆ ಇಳಿದಿದ್ದರೆ ಬಾಯಿ ಪೂರ್ತಿ ತೆರೆಯುತ್ತದೆ, ಬ್ರೇಸ್ ಮೇಲಿನಿಂದ ಇಳಿಯುತ್ತದೆ. ಎಳೆದು ಹಾಕುವ ಶೂ, ಬದಿಯಲ್ಲಿ ಇಲಾಸ್ಟಿಕ್ ಇರುವ ಶೂ ಕಣ್ಣಿಗೆ ಎಷ್ಟೇ ಚಂದ ಕಂಡರೂ ಮುಟ್ಟಬೇಡಿ. ಎರಡನೆಯದು, ಒಳಗಿನ ಮೆತ್ತೆ ಎದ್ದು ಬರ್ತದಾ ನೋಡಿ. ಕ್ರೀಡಾ ಶೂಗಳಲ್ಲಿ ಹೆಚ್ಚಿನದರಲ್ಲಿ ಬರ್ತದೆ. ಅದನ್ನು ತೆಗೆದರೆ ಒಳಗೆ ಬ್ರೇಸ್ ಕೂರುವಷ್ಟು ಎತ್ತರ ಬಿಡುಗಡೆ ಆಗ್ತದೆ. ನಮಗೆ ಆರ್ಥೋಟಿಸ್ಟ್ ಹೇಳಿಕೊಟ್ಟ ಮಾತುಗಳಲ್ಲಿ ಅತಿ ಉಪಕಾರಕ್ಕೆ ಬಂದದ್ದು ಇದೊಂದೇ ಅನ್ನಬಹುದು. ಮೂರನೇ ಅಂಗಡಿಯ ಆ ಏಳು ಡಬ್ಬಿಗಳಲ್ಲಿ ಎರಡಾದರೂ ಮೆತ್ತೆ ತೆಗೆದಿದ್ದರೆ ಆಗುತ್ತಿದ್ದವು ಎಂದು ಈಗ ಅನಿಸುತ್ತದೆ.

ಹಿಮ್ಮಡಿಯ ಎತ್ತರದ ವಿಷಯ ಸ್ವಲ್ಪ ಸೂಕ್ಷ್ಮ. ಬ್ರೇಸನ್ನು ಒಂದು ಕೋನದಲ್ಲಿ ಮಾಡಿರುತ್ತಾರೆ. ಶೂವಿನ ಹಿಮ್ಮಡಿ ಅದಕ್ಕಿಂತ ಎತ್ತರ ಇದ್ದರೆ ಮೊಣಕಾಲು ಮುಂದಕ್ಕೆ ಬಗ್ಗುತ್ತದೆ, ತೀರಾ ಚಪ್ಪಟೆ ಇದ್ದರೆ ಹಿಂದಕ್ಕೆ ಒತ್ತಿದ ಹಾಗಾಗುತ್ತದೆ. ಹಾಗಾಗಿ ಶೂ ತೆಗೆದುಕೊಂಡ ಮೇಲೆ ಒಮ್ಮೆ ಅದನ್ನು ಹಾಕಿಸಿಯೇ ಆರ್ಥೋಟಿಸ್ಟರಿಗೆ ಅಥವಾ ಫಿಸಿಯೋಥೆರಪಿಯವರಿಗೆ ನಡೆದು ತೋರಿಸಿ. ಶಾಲೆಗೊಂದು, ಮದುವೆಗೊಂದು ಅಂತ ಎರಡು ಜೋಡಿ ಇದ್ದರೆ ಎರಡರ ಹಿಮ್ಮಡಿಯೂ ಒಂದೇ ಎತ್ತರ ಇರಲಿ.

ಜುಬೈಲ್‌ನಿಂದ ಬಂದ ಶೂ

ನಮ್ಮ ಸಮುದಾಯದಲ್ಲಿ ಊರಿನಲ್ಲಿ ಸಿಗದ್ದು ಬೇಕಾದರೆ ಮೊದಲು ನೆನಪಾಗುವುದು ಗಲ್ಫ್‌ನಲ್ಲಿರುವವರು. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮಗನ ಮಾಮ ಜುಬೈಲ್‌ನಲ್ಲಿ. ರಾತ್ರಿ ಫೋನ್ ಮಾಡಿ ಹೇಳಿದೆವು, "ಅಲ್ಲಿ ಬ್ರೇಸಿನವರಿಗೇ ಆಗುವ ಶೂ ಸಿಗ್ತದಂತೆ, ನೋಡಿ." ನಂಬರ್ ಕೇಳಿದರು. ಕೊಟ್ಟೆವು. ಎರಡು ತಿಂಗಳ ನಂತರ ಊರಿಗೆ ಬರುವ ಗೆಳೆಯನ ಲಗೇಜಿನಲ್ಲಿ ಬಂತು, ನೀಲಿ ಪಟ್ಟಿ, ಎಲ್ಲ ಸರಿ. ಹಾಕಿ ನೋಡಿದರೆ ಉದ್ದ ಸರಿ, ಅಗಲದಲ್ಲಿ ಅರ್ಧ ಬೆರಳು ಕಡಿಮೆ. ಮಗ ಆ ಡಬ್ಬಿಯನ್ನು ಎಷ್ಟೋ ದಿನ ಹಾಸಿಗೆಯ ಪಕ್ಕದಲ್ಲಿಟ್ಟು ಮಲಗುತ್ತಿದ್ದ. ಶೂ ಈಗ ಅಣ್ಣನ ಕಾಲಿನಲ್ಲಿದೆ.

ತಪ್ಪು ಮಾಮನದ್ದಲ್ಲ, ನಮ್ಮದು. ನಂಬರ್ ಅಲ್ಲ, ಅಳತೆ ಕಳಿಸಬೇಕಿತ್ತು. ಈಗ ನಾವು ಮಾಡುವುದು ಹೀಗೆ. ಕಾಲುಚೀಲ, ಬ್ರೇಸ್ ಹಾಕಿ, ಪಟ್ಟಿ ಬಿಗಿದು, ಬಿಳಿ ಕಾಗದದ ಮೇಲೆ ನಿಲ್ಲಿಸುವುದು. ಕೂರಿಸಿ ಅಲ್ಲ, ಭಾರ ಬಿದ್ದಾಗಿನ ಅಗಲವೇ ಬೇರೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯುವುದು. ಉದ್ದ, ಬೆರಳಿನ ಬುಡದ ಹತ್ತಿರ ಅತಿ ಅಗಲದ ಜಾಗ, ಹಿಮ್ಮಡಿಯ ಅಗಲ, ಮೂರನ್ನೂ ಮಿಲಿಮೀಟರಿನಲ್ಲಿ ಬರೆಯುವುದು. ದರ್ಜಿಯ ಟೇಪಿನಲ್ಲಿ ಪಾದದ ಮೇಲಿನ ಉಬ್ಬಿನ ಸುತ್ತಳತೆ ತೆಗೆಯುವುದು. ಎರಡು ಕಾಲಿಗೂ ಬೇರೆ ಬೇರೆ. ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಮಾಮ ಅಂಗಡಿಗೆ ಟೇಪ್ ಹಿಡಿದುಕೊಂಡು ಹೋಗಿ ಶೂವಿನ ಮೆತ್ತೆ ಎಳೆದು ಅಳೆಯುತ್ತಾರೆ. ಅಂಗಡಿಯವರು ವಿಚಿತ್ರವಾಗಿ ನೋಡಿದರಂತೆ, ಇರಲಿ.

ಹೊರಗಿನಿಂದ ತರಿಸುವವರಿಗೆ ಎರಡು ಹೆಸರು ತಿಳಿದಿದ್ದರೆ ಒಳ್ಳೆಯದು. ಸೆರೆಬ್ರಲ್ ಪಾಲ್ಸಿ ಇದ್ದ ಮ್ಯಾಥ್ಯೂ ವಾಲ್ಜರ್ ಎಂಬ ಅಮೆರಿಕದ ಹುಡುಗ 2012ರಲ್ಲಿ ನೈಕಿ ಕಂಪೆನಿಗೆ ಪತ್ರ ಬರೆದಿದ್ದ. ಬಟ್ಟೆ ತಾನೇ ಹಾಕಿಕೊಳ್ಳುತ್ತೇನೆ, ಶೂವಿನ ಲೇಸ್ ಮಾತ್ರ ಹೆತ್ತವರೇ ಕಟ್ಟಬೇಕು, ಕಾಲೇಜಿಗೆ ಹೋದರೆ ಯಾರು ಕಟ್ಟುತ್ತಾರೆ ಎಂಬುದು ಅವನ ಚಿಂತೆ. 2015ರಲ್ಲಿ ಕಂಪೆನಿ ಹಿಮ್ಮಡಿಯ ಸುತ್ತ ಜಿಪ್ ತೆರೆಯುವ 'ಫ್ಲೈಈಸ್' ಶೂ ತಂದದ್ದು ಆ ಪತ್ರದ ಫಲ. ಎಲ್ಲ ಫ್ಲೈಈಸ್ ಮಾದರಿಯೂ ಬ್ರೇಸಿಗೆ ಆಗುವುದಿಲ್ಲ, ಅಗಲ ನೋಡಿಯೇ ತೆಗೆದುಕೊಳ್ಳಬೇಕು. ಇನ್ನೊಂದು 'ಬಿಲ್ಲಿ ಫುಟ್‌ವೇರ್'. ಬೆನ್ನುಹುರಿಗೆ ಪೆಟ್ಟಾದ ಬಿಲ್ಲಿ ಪ್ರೈಸ್ ಎಂಬವರು ಗೆಳೆಯನ ಜೊತೆ ಸೇರಿ ಶುರು ಮಾಡಿದ್ದು. ಇದರಲ್ಲಿ ಜಿಪ್ ಬದಿಯಿಂದ ಹೊರಟು ಬೆರಳಿನ ಸುತ್ತ ತಿರುಗುತ್ತದೆ. ಜಿಪ್ ಎಳೆದರೆ ಶೂವಿನ ಮೇಲ್ಭಾಗ ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಳ್ಳುತ್ತದೆ, ಬ್ರೇಸನ್ನು ಮೇಲಿನಿಂದ ಇಟ್ಟರಾಯಿತು. ನಮಗೆ ಕೊನೆಗೆ ಬಂದದ್ದು ಇಂತಹ ಜಿಪ್ಪಿನ ಒಂದು ಜೋಡಿ. ಬೆಲೆ ಹೇಳಿದರೆ ಉಮ್ಮ ಇವತ್ತಿಗೂ ನಂಬುವುದಿಲ್ಲ.

ಎಲ್ಲರ ಮನೆಯಲ್ಲೂ ಜುಬೈಲ್‌ನ ಮಾಮ ಇರುವುದಿಲ್ಲ. ಇದ್ದರೂ ಮಕ್ಕಳ ಕಾಲು ಬೆಳೆಯುತ್ತಲೇ ಇರ್ತದೆ. ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ ಬ್ರೇಸ್ ಬದಲಾಗ್ತದೆ, ಅದರೊಂದಿಗೆ ಶೂವೂ. ಹಾಗಾಗಿ ದಿನದ ಬಳಕೆಗೆ ನಾವು ಆತುಕೊಂಡದ್ದು ಬಸ್‌ಸ್ಟ್ಯಾಂಡ್ ಹತ್ತಿರ ಕೊಡೆ, ಚಪ್ಪಲಿ ರಿಪೇರಿ ಮಾಡುವ ಒಬ್ಬ ಹಿರಿಯರನ್ನು. ಅವರಿಗೆ ಬ್ರೇಸ್ ತೋರಿಸಿ, ಅಂಗಡಿಯಿಂದ ತಂದ ಅಗಲದ ಕ್ರೀಡಾ ಶೂ ಕೊಟ್ಟೆವು. ಅವರು ನಾಲಗೆಯ ಬುಡದ ಹೊಲಿಗೆ ಬಿಚ್ಚಿ, ಬಾಯಿಯನ್ನು ಒಂದು ಇಂಚು ಕೆಳಗಿನವರೆಗೆ ಸೀಳಿ, ಅಂಚಿಗೆ ಚರ್ಮ ಕೊಟ್ಟು ಹೊಲಿದರು. ಲೇಸ್ ತೆಗೆದು ಉದ್ದದ ಎರಡು ವೆಲ್ಕ್ರೋ ಪಟ್ಟಿ ಕೂರಿಸಿದರು. ಬೆರಳಿನ ಮುಂದೆ ರಬ್ಬರ್ ನೆಲಕ್ಕೆ ಹಿಡಿಯುತ್ತದೆ, ಮಗು ಎಡವುತ್ತದೆ ಎಂದದ್ದಕ್ಕೆ ಅಟ್ಟೆಯ ಮೂತಿಗೆ ನುಣುಪಾದ ಚರ್ಮದ ತುಂಡು ಅಂಟಿಸಿದರು. ಇದು ನಾವು ಕೇಳಿದ್ದಲ್ಲ, ಅವರ ತಲೆಯಿಂದಲೇ ಬಂದದ್ದು. ಗಲ್ಫ್ ಶೂವಿಗೂ ಇದಕ್ಕೂ ನಡಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಫಿಸಿಯೋ ಮೇಡಂ ಹೇಳಿದಾಗ, ನಾವು ಮತ್ತೆ ಹೋಗಿ ಅವರಿಗೆ ಹೇಳಿದೆವು. "ಆಗ್ಲಿ, ಇನ್ನೊಂದು ಜೋಡಿ ತನ್ನಿ" ಅಂದರು.

ಹೊಸ್ತಿಲಿನ ಸಮಸ್ಯೆ

ಶೂ ಸಿಕ್ಕಿದರೆ ಮುಗಿಯಿತು ಎಂದುಕೊಂಡಿದ್ದೆವು. ನಮ್ಮ ಮನೆಗಳಲ್ಲಿ ಚಪ್ಪಲಿ ನಿಲ್ಲುವುದು ಹೊರಗೆ. ಶಾಲೆಯಿಂದ ಬಂದ ಮಗು ಸಿಟೌಟ್‌ನಲ್ಲಿ ಶೂ ಕಳಚುತ್ತದೆ. ಶೂ ಹೋದರೆ ಬರಿ ಬ್ರೇಸ್ ಟೈಲ್ಸ್ ಮೇಲೆ ಜಾರುತ್ತದೆ, ಹಾಗಾಗಿ ಬ್ರೇಸನ್ನೂ ಕಳಚುತ್ತದೆ. ಆಮೇಲೆ ರಾತ್ರಿಯವರೆಗೆ ತುದಿಗಾಲು. ವೈದ್ಯರು ದಿನಕ್ಕೆ ಇಷ್ಟು ಗಂಟೆ ಹಾಕಿ ಎಂದು ಬರೆದುಕೊಡುವಾಗ ನಮ್ಮ ಹೊಸ್ತಿಲು ಅವರಿಗೆ ಕಾಣುವುದಿಲ್ಲ.

ಉಮ್ಮ ಮೊದಲು ಒಪ್ಪಲಿಲ್ಲ. "ಮನೆಯೊಳಗೆ ಶೂ ಹಾಕಿ ನಡೆಯುವುದಾ? ನಮಾಜ್ ಮಾಡುವ ಜಾಗ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೊನೆಗೆ ಆದದ್ದು ಏನೆಂದರೆ ಮನೆಯೊಳಗಿಗೇ ಒಂದು ಬೇರೆ ಜೋಡಿ, ಹೊರಗಿನ ಮಣ್ಣು ಕಾಣದ್ದು. ಹಿಂದೆ ಪಟ್ಟಿ ಇರುವ, ಮೂರು ಕಡೆ ವೆಲ್ಕ್ರೋ ಇರುವ ಸ್ಯಾಂಡಲ್. ಪಟ್ಟಿ ಬೇಕಾದಷ್ಟು ಅಗಲವಾಗ್ತದೆ, ಬೆಲೆಯೂ ಕಡಿಮೆ. ಉಮ್ಮನೇ ಅದನ್ನು ಪ್ರತಿ ಶುಕ್ರವಾರ ತೊಳೆದು ಒಣಗಿಸುತ್ತಾರೆ.

ಮಸೀದಿಯ ವಿಷಯದಲ್ಲಿ ನಮ್ಮ ಉಸ್ತಾದರನ್ನೇ ಕೇಳಿದೆವು. ಹೊರಗೆ ಬಳಸದ ಶುದ್ಧ ಜೋಡಿ ಒಳಗೆ ಹಾಕಲಿಕ್ಕೆ ಅಡ್ಡಿಯಿಲ್ಲ ಎಂದರು, ಗೋಡೆಯ ಬದಿಯಲ್ಲಿ ಒಂದು ಕುರ್ಚಿಯನ್ನೂ ಹಾಕಿಸಿಕೊಟ್ಟರು. ಹರಡು ಬಗ್ಗದ ಬ್ರೇಸಿನಲ್ಲಿ ಸುಜೂದಿನಿಂದ ಎದ್ದು ಕೂರುವುದು ಸುಲಭವಲ್ಲ. ವುಝೂಗೆ ಬ್ರೇಸ್ ಬಿಚ್ಚಲೇಬೇಕಾಗ್ತದೆ, ಮಸೀದಿಯ ಹೌಳಿನ ಹತ್ತಿರ ಜನಜಂಗುಳಿಯಲ್ಲಿ ಅದು ಆಗುವ ಕೆಲಸವಲ್ಲ. ಹಾಗಾಗಿ ನಾವು ಮನೆಯಲ್ಲೇ ವುಝೂ ಮುಗಿಸಿ, ಬೆರಳ ಸಂದಿ ಒರೆಸಿ, ಒಣಗಿದ ಕಾಲುಚೀಲ ಹಾಕಿ ಹೊರಡುತ್ತೇವೆ. ಒದ್ದೆ ಕಾಲಿಗೆ ಪ್ಲಾಸ್ಟಿಕ್ ಹಾಕಿದರೆ ಚರ್ಮ ಬೆಂದ ಹಾಗಾಗ್ತದೆ. ನಿಮ್ಮ ಅನುಮಾನ ನಿಮ್ಮ ಜಮಾಅತ್‌ನ ಉಸ್ತಾದರಲ್ಲಿ ಕೇಳಿಕೊಳ್ಳಿ, ಕೇಳದೆ ಜುಮಾ ಬಿಟ್ಟು ಮನೆಯಲ್ಲಿ ಕೂರಬೇಡಿ. ಮೇಲೆ ಹೇಳಿದ ಸ್ಟ್ರೋಕ್ ಆದ ಅಜ್ಜ ಒಂದೂವರೆ ವರ್ಷ ಕೂತಿದ್ದರು. ಅವರಿಗೆ ಕಾಲಿಗಿಂತ ದೊಡ್ಡ ನೋವು ಅದು.

ಇನ್ನು ನಮ್ಮೂರಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗುವುದೆಂದರೆ ಏನು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎರಡು ಜೋಡಿ ಇದ್ದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಬಹುದು. ಒದ್ದೆ ಶೂವಿನೊಳಗೆ ಹಳೆ ಪೇಪರ್ ಮುದ್ದೆ ಮಾಡಿ ತುರುಕಿಟ್ಟರೆ ನೀರು ಹೀರುತ್ತದೆ. (ಈ ಪುಟವನ್ನು ಮಾತ್ರ ಓದಿದ ನಂತರ ತುರುಕಿ.) ಮಳೆಗಾಲಕ್ಕೆಂದು ರಬ್ಬರಿನ ತೂತು ತೂತು ಶೂ ಕೊಡಿಸುವವರಿದ್ದಾರೆ. ಅಗಲ ಇರ್ತದೆ, ಬ್ರೇಸ್ ಸಲೀಸಾಗಿ ಹೋಗ್ತದೆ, ಆದರೆ ಹಿಮ್ಮಡಿ ನಿಲ್ಲುವುದಿಲ್ಲ. ಪಾಚಿ ಹಿಡಿದ ಅಂಗಳದಲ್ಲಿ ಅದನ್ನು ನಂಬಬೇಡಿ.

ಒಂದೇ ಕಾಲಿಗಾದರೆ

ದೊಡ್ಡವರಲ್ಲಿ ಹೆಚ್ಚಾಗಿ ಬ್ರೇಸ್ ಒಂದು ಕಾಲಿಗೆ ಮಾತ್ರ. ಬಲಗಾಲಿಗೆ 9, ಎಡಗಾಲಿಗೆ 8. ಅಂಗಡಿಯವರು ಡಬ್ಬಿ ಒಡೆದು ಕೊಡುವುದಿಲ್ಲ, ಎರಡು ಜೋಡಿ ತೆಗೆದುಕೊಳ್ಳಬೇಕು. ಉಳಿದ ಎರಡು ಶೂ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. ಬ್ರೇಸಿನ ಕಾಲು ಪ್ಲಾಸ್ಟಿಕ್ಕಿನಷ್ಟು ಎತ್ತರವಾಗುವುದರಿಂದ ಇನ್ನೊಂದು ಶೂವಿಗೆ ಒಂದು ತೆಳು ಮೆತ್ತೆ ಹೆಚ್ಚು ಹಾಕಿಸಬೇಕಾಗಬಹುದು, ಇಲ್ಲದಿದ್ದರೆ ಸೊಂಟ ನೋಯುತ್ತದೆ. ಎಷ್ಟು ದಪ್ಪ ಎಂಬುದನ್ನು ನಡಿಗೆ ನೋಡಿದವರೇ ಹೇಳಬೇಕು.

ಸಕ್ಕರೆ ಕಾಯಿಲೆಯೂ ಇದ್ದವರು ಎರಡು ಪಟ್ಟು ಜಾಗ್ರತೆ ಮಾಡಬೇಕು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಬ್ರೇಸ್ ಒತ್ತುವುದು, ಶೂ ಕಚ್ಚುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಬ್ರೇಸ್ ಬಿಚ್ಚಿದ ಮೇಲೆ ಮನೆಯವರು ಟಾರ್ಚ್ ಹಿಡಿದು ಪಾದದ ಅಡಿ, ಹರಡಿನ ಮೂಳೆ, ಕಿರುಬೆರಳಿನ ಬದಿ ನೋಡಬೇಕು. ಕೆಂಪು ಗುರುತು ಅರ್ಧ ಗಂಟೆಯೊಳಗೆ ಮಾಯವಾದರೆ ಸರಿ. ಆಗದಿದ್ದರೆ ಮರುದಿನ ಅದನ್ನು ಹಾಕಿಸಬೇಡಿ, ಬ್ರೇಸ್ ಮಾಡಿದವರಲ್ಲಿಗೆ ಹೋಗಿ. ಪ್ಲಾಸ್ಟಿಕನ್ನು ಬಿಸಿ ಮಾಡಿ ಆ ಜಾಗವನ್ನು ಹೊರಕ್ಕೆ ಉಬ್ಬಿಸಿಕೊಡುತ್ತಾರೆ. ಮಕ್ಕಳಿಗೂ ಇದೇ ಲೆಕ್ಕ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂ.ಸಿ.ಆರ್. ಚಪ್ಪಲಿ ಉಂಟಲ್ಲ, ಅದು ಬೇರೆ ಕೆಲಸದ್ದು. ಮೆತ್ತಗಿರ್ತದೆ, ಸ್ಪರ್ಶ ಕಳೆದುಕೊಂಡ ಪಾದಕ್ಕೆ ಒಳ್ಳೆಯದು. ಆದರೆ ಹಿಮ್ಮಡಿ ತೆರೆದ ಚಪ್ಪಲಿಯಲ್ಲಿ ಬ್ರೇಸ್ ನಿಲ್ಲುವುದಿಲ್ಲ. ನಮ್ಮಲ್ಲಿ ಹಲವರು ಎರಡೂ ಒಂದೇ ಎಂದುಕೊಂಡಿದ್ದಾರೆ.

ಕಾಲುಚೀಲ ಹತ್ತಿಯದ್ದು, ಬ್ರೇಸಿಗಿಂತ ಮೇಲೆ ಬರುವಷ್ಟು ಉದ್ದದ್ದು ಇರಲಿ. ಬೆರಳಿನ ಹತ್ತಿರದ ಹೊಲಿಗೆ ಒತ್ತುತ್ತದಾದರೆ ಒಳಹೊರಗು ಮಾಡಿ ಹಾಕಿ.

ಯಾರು ನೋಡುತ್ತಾರೆ

ನಮ್ಮ ಪರಿಚಯದ ಒಂದು ಮನೆಯಲ್ಲಿ ಹುಡುಗಿಯ ಎಡಗಾಲಿಗೆ ಬ್ರೇಸ್. ಹೆಣ್ಣು ನೋಡಲಿಕ್ಕೆ ಬರುವ ದಿನ ಮನೆಯವರು ಬ್ರೇಸ್ ತೆಗೆದಿಡು ಎಂದರು. ತೆಗೆದಿಟ್ಟರೆ ಕುಂಟುವುದು ಇನ್ನೂ ಹೆಚ್ಚು ಕಾಣುತ್ತದೆ ಎಂಬ ಸರಳ ವಿಷಯ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳು ಬ್ರೇಸ್, ಬಿಳಿ ಕ್ಯಾನ್ವಾಸ್ ಶೂ ಹಾಕಿಯೇ ಚಹಾದ ಟ್ರೇ ತಂದಳು. ಆ ಸಂಬಂಧ ಆಗಲಿಲ್ಲ. ಎರಡು ವರ್ಷದ ನಂತರ ಬೇರೆ ಕಡೆ ಆಯಿತು. ಮದುವೆಯ ದಿನ ಅದೇ ಮಾದರಿಯ ಶೂವಿಗೆ ಚಿಕ್ಕಮ್ಮ ಕೂತು ಮಣಿ, ಜರಿ ಹೊಲಿದುಕೊಟ್ಟರು. ಲೆಹಂಗಾದ ಕೆಳಗೆ ನೋಡಿದವರೇ ಕಡಿಮೆ. ನೋಡಿದವರು ಎಲ್ಲಿ ತೆಗೆದುಕೊಂಡದ್ದು ಎಂದು ಕೇಳಿದರು.

ಶಾಲೆಯಲ್ಲಿ ಕಪ್ಪು ಶೂವಿನ ನಿಯಮ. ನಾವು ಮುಖ್ಯೋಪಾಧ್ಯಾಯಿನಿಗೆ ವೈದ್ಯರ ಚೀಟಿ ಸೇರಿಸಿ ಅರ್ಜಿ ಕೊಟ್ಟೆವು, ಕಪ್ಪು ಕ್ರೀಡಾ ಶೂವಿಗೆ ಒಪ್ಪಿದರು. ಒಪ್ಪದ ಶಾಲೆ ಇದ್ದರೆ ಹೆದರಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು.

ಖರ್ಚಿನ ಮಾತೂ ಬಂತು. 18 ವರ್ಷದೊಳಗಿನ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉಂಟು, ಅಂಗನವಾಡಿ, ಸರಕಾರಿ ಶಾಲೆಗಳಿಗೆ ಅದರ ತಂಡ ಬರುತ್ತದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರಕಾರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಬ್ರೇಸ್ ಮಾತ್ರವಲ್ಲ, ವೈದ್ಯಕೀಯ ಪಾದರಕ್ಷೆಗಳೂ ಅದರ ವ್ಯಾಪ್ತಿಯಲ್ಲಿವೆ. ಆದಾಯದ ಮಿತಿ ಉಂಟು. ಶಿಬಿರಕ್ಕೆ ಹೋದವರು ಬ್ರೇಸ್ ತೆಗೆದುಕೊಂಡು ಬರುತ್ತಾರೆ, ಶೂ ಕೇಳುವುದೇ ಇಲ್ಲ. ನಾವೂ ಕೇಳಿರಲಿಲ್ಲ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಟ್ಟುಕೊಂಡರೆ ಪ್ರತಿ ಸಲ ಹೊಸ ಪ್ರಮಾಣಪತ್ರಕ್ಕೆ ಓಡಬೇಕಾಗಿಲ್ಲ.

ಆ ಅಜ್ಜನ ಮನೆಗೆ ಕಳೆದ ತಿಂಗಳು ಹೋಗಿದ್ದೆವು. ಎರಡು ಜೋಡಿ ತೆಗೆದುಕೊಂಡು, ಬಲಗಾಲಿಗೆ 9, ಎಡಗಾಲಿಗೆ 8 ಮಾಡಿ, ಬಸ್‌ಸ್ಟ್ಯಾಂಡಿನ ಹಿರಿಯರಿಂದ ವೆಲ್ಕ್ರೋ ಹಾಕಿಸಿದ್ದಾರೆ. ಜುಮಾಗೆ ಹೋಗಿ ಬರ್ತಾರೆ, ಮೊಮ್ಮಗ ಸ್ಕೂಟರ್‌ನಲ್ಲಿ ಬಿಡುತ್ತಾನೆ. ಉಳಿದ ಎರಡು ಶೂ, ಎಡಗಾಲಿನ 9 ಮತ್ತು ಬಲಗಾಲಿನ 8, ಡಬ್ಬಿಯಲ್ಲೇ ಹೊಸದಾಗಿ ಉಂಟು. ಎಡಗಾಲಿಗೆ ಬ್ರೇಸ್ ಇರುವ, ಅದೇ ಅಳತೆಯವರು ಯಾರಾದರೂ ಇದ್ದರೆ ಕೊಟ್ಟುಬಿಡಿ ಎಂದು ನಮ್ಮ ಕೈಗೆ ಕೊಟ್ಟರು. ಈಗ ನಮ್ಮ ಸಿಟೌಟ್‌ನಲ್ಲಿದೆ. ಮಗ ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡಿ ಕೇಳುತ್ತಾನೆ, "ಅವರು ಸಿಕ್ಕಿದರಾ?"